ಅಣ್ಣ ಎನ್ನುವುದೋ, ತಮ್ಮ ಎನ್ನುವುದೋ: ರೆಡ್ ಜಾಕೆಟ್‌ನ ಉತ್ತರವನ್ನು ಕನ್ನಡಕ್ಕೆ ತರುವಾಗ

ಪ್ರಶ್ನೆ: ಅಮೆರಿಕದ ಸೆನೆಕ ಮುಖಂಡ ರೆಡ್ ಜಾಕೆಟ್ 1805ರಲ್ಲಿ ಒಬ್ಬ ಪಾದ್ರಿಗೆ ಕೊಟ್ಟ ಉತ್ತರವನ್ನು ನಮ್ಮ ಕಾಲೇಜಿನ ರಂಗತಂಡಕ್ಕಾಗಿ ಕನ್ನಡಕ್ಕೆ ಮಾಡುತ್ತಿದ್ದೇನೆ. ಒಬ್ಬರೇ ನಿಂತು ಓದುವುದು, ಆರು ನಿಮಿಷ. ಮೂರು ಗೊಂದಲಗಳಿವೆ. ಇದು ನಿಜಕ್ಕೂ ಅವನ ಮಾತೋ, ಬಿಳಿಯರು ಬರೆದು ಅವನ ಬಾಯಿಗೆ ತುರುಕಿದ್ದೋ? ಪ್ರತಿ ಕಂಡಿಕೆಯ ತಲೆಗೂ ಬರುವ ‘ಬ್ರದರ್’ ಎಂಬುದನ್ನು ಏನು ಮಾಡಲಿ? ಆತ ಯಾರು, ಕೊನೆಗೆ ಏನಾದ ಎಂದು ಪರಿಚಯದಲ್ಲಿ ಏನು ಹೇಳಲಿ?

ಉತ್ತರ:

ಭಾಷಣಕ್ಕೆ ಆಧಾರ ಇದೆ, ಧೈರ್ಯವಾಗಿ ಬಳಸಿ. ಆದರೆ ಅದು ಮೂರು ಕೈ ದಾಟಿ ಬಂದದ್ದು. ಆಡಿದ್ದು ಸೆನೆಕ ಭಾಷೆಯಲ್ಲಿ. ಅದನ್ನು ದುಭಾಷಿ ಇಂಗ್ಲಿಷಿಗೆ ಮಾಡಿದ. ಬರೆದಿಟ್ಟುಕೊಂಡದ್ದು ನಾಲ್ಕು ವರ್ಷ ಕಳೆದು 1809ರಲ್ಲಿ ಅಚ್ಚಾಯಿತು. ಸೆನೆಕ ಮೂಲ ಉಳಿದಿಲ್ಲ. ಆದ್ದರಿಂದ ನೀವು ಮಾಡುತ್ತಿರುವುದು ಅನುವಾದದ ಅನುವಾದ. ಇದಕ್ಕಿಂತ ದೊಡ್ಡ ತೊಡಕು ನಿಮ್ಮ ಪ್ರಶ್ನೆಯಲ್ಲೇ ಇದೆ: ಒಬ್ಬರೇ ನಿಂತು ಓದುವುದು ಅಂದಿರಲ್ಲ, ಅದು. ಈ ಮಾತು ಒಬ್ಬ ವೀರನ ಸ್ವಗತವಲ್ಲ. ಒಂದು ಸಭೆ ಕೂತು, ಒಳಗೊಳಗೇ ಚರ್ಚಿಸಿ, ಒಪ್ಪಿ, ತನ್ನ ಮಾತುಗಾರನ ಬಾಯಿಂದ ಆಡಿಸಿದ ತೀರ್ಮಾನ. ಇದೊಂದನ್ನು ಹಿಡಿದರೆ ಅನುವಾದದ ಅರ್ಧ ಸಮಸ್ಯೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹೆಸರಿನ ಗೋಜಲನ್ನು ಮೊದಲು ಕಳೆಯೋಣ. ಸೆನೆಕ ಎಂಬ ಜನಾಂಗದ ಹೆಸರಿಗೂ ರೋಮಿನ ತತ್ತ್ವಜ್ಞಾನಿ ಸೆನೆಕನಿಗೂ ನಂಟಿಲ್ಲ. ಆ ಜನ ತಮ್ಮನ್ನು ದೊಡ್ಡ ಬೆಟ್ಟದ ಜನ ಎಂದು ಕರೆದುಕೊಳ್ಳುತ್ತಾರೆ. ಯುರೋಪಿನವರು ಇರೊಕ್ವಾ ಎಂದದ್ದು, ಆ ಜನರೇ ಹೊಡಿನೊಶೋನಿ ಎಂದುಕೊಳ್ಳುವುದು, ಆರು ಜನಾಂಗಗಳ ಒಕ್ಕೂಟ: ಮೊಹಾಕ್, ಒನೈಡ, ಒನೊಂಡಾಗ, ಕಯೂಗ, ಸೆನೆಕ, ಆಮೇಲೆ ಸೇರಿದ ಟಸ್ಕರೋರ. ಇಡೀ ಒಕ್ಕೂಟವನ್ನು ಒಂದು ಉದ್ದನೆಯ ಮನೆ ಎಂದು ಭಾವಿಸಿದರೆ ಪಶ್ಚಿಮದ ಬಾಗಿಲು ಕಾಯುವವರು ಸೆನೆಕರು. ಇನ್ನೊಂದು ಎಚ್ಚರ. ವಾಟ್ಸ್ಆ್ಯಪಿನಲ್ಲಿ ‘ಭೂಮಿ ನಮ್ಮದಲ್ಲ, ನಾವು ಭೂಮಿಯವರು’ ಎಂದು ಓಡಾಡುವ ಮಾತು ಸಿಯಾಟಲ್ ಎಂಬ ಬೇರೆ ಮುಖಂಡನ ಹೆಸರಿನಲ್ಲಿರುವುದು. ಅವನು ಪಶ್ಚಿಮ ಕರಾವಳಿಯವನು, ಮತ್ತು ಆ ಜನಪ್ರಿಯ ಪಠ್ಯವನ್ನು ಬರೆದದ್ದು 1970ರ ದಶಕದ ಆರಂಭದ ಒಂದು ಚಿತ್ರಕ್ಕಾಗಿ. ಅದರ ಒಂದು ಸಾಲೂ ಇಲ್ಲಿಗೆ ನುಸುಳದಿರಲಿ.

‘ರೆಡ್’ ಎಂಬುದು ಮೈಬಣ್ಣವನ್ನು ಹೇಳುವುದಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೆನೆಕರು ಬ್ರಿಟಿಷರ ಕಡೆ ನಿಂತರು. ಓಡಾಡಿ ಸುದ್ದಿ ಮುಟ್ಟಿಸುತ್ತಿದ್ದ ಈ ಯುವಕನಿಗೆ ಬ್ರಿಟಿಷ್ ಅಧಿಕಾರಿಗಳು ಕಸೂತಿಯ ಕೆಂಪು ಕೋಟು ಕೊಟ್ಟರು. ಹರಿದಾಗ ಇನ್ನೊಂದು ಕೊಟ್ಟರು. ಹೆಸರು ಅಂಟಿಕೊಂಡಿತು. ಕೆಂಪಂಗಿಯವ ಎಂದರೂ ನಡೆಯುತ್ತದೆ. ‘ರೆಡ್ ಇಂಡಿಯನ್’ ಎಂಬ ಹಳೆಯ ರೂಢಿಯ ಜೊತೆ ಇದನ್ನು ಕೂಡಿಸಬೇಡಿ. ಹುಟ್ಟಿದ್ದು ಸುಮಾರು 1750ರಲ್ಲಿ, ಈಗಿನ ನ್ಯೂಯಾರ್ಕ್ ರಾಜ್ಯದ ಸರೋವರಗಳ ಸೀಮೆಯಲ್ಲಿ, ತಾಯಿಯ ಕಡೆಯಿಂದ ತೋಳದ ಕುಲ. ಹುಡುಗನಾಗಿದ್ದಾಗ ಒಟೆಟಿಯಾನಿ, ಸದಾ ಸಿದ್ಧ. ಮುಖಂಡನಾದ ಮೇಲೆ ಸಗೊಯೆವಾಥ. ಇದರ ಅರ್ಥ ‘ಅವರನ್ನು ಎಚ್ಚರವಾಗಿಡುವವ’. ಮಾತಿನ ಕಸುಬಿನವನಿಗೆ ಕೊಡಬಹುದಾದ ಹೆಸರೇ ಸರಿ.

ಯುದ್ಧದಲ್ಲಿ ಅವನಿಗೆ ಹೆಸರಿಲ್ಲ. ಮೊಹಾಕ್ ನಾಯಕ ಜೋಸೆಫ್ ಬ್ರಾಂಟ್ ಅವನನ್ನು ‘ದನ ಕೊಲ್ಲುವವ’ ಎಂದು ಜೀವನಪರ್ಯಂತ ಹಂಗಿಸಿದ. 1779ರಲ್ಲಿ ಜನರಲ್ ಸಲಿವನ್‌ನ ಅಮೆರಿಕನ್ ಸೇನೆ ಇರೊಕ್ವಾ ನಾಡಿಗೆ ನುಗ್ಗಿ ಸುಮಾರು 40 ಊರುಗಳನ್ನು ಸುಟ್ಟಿತು. ಒಂದು ಲಕ್ಷ ಅರವತ್ತು ಸಾವಿರ ಬುಷೆಲ್ ಮೆಕ್ಕೆಜೋಳ ನಾಶ ಮಾಡಿದೆವೆಂದು ಸೇನೆಯೇ ಲೆಕ್ಕ ಬರೆಯಿತು. ಆ ಚಳಿಗಾಲವನ್ನು ನಯಾಗರ ಕೋಟೆಯ ಸುತ್ತ ಹಸಿವಿನಲ್ಲಿ ಕಳೆದ ಜನ ಮರುವರ್ಷ ಬಫಲೋ ಹಳ್ಳದ ದಂಡೆಯಲ್ಲಿ ನೆಲೆಯೂರಿದರು. 1805ರ ಸಭೆ ನಡೆದದ್ದು ಇಲ್ಲೇ. ಇವತ್ತು ಆ ಜಾಗ ಬಫಲೋ ನಗರದ ದಕ್ಷಿಣ ಭಾಗವೂ ಪಕ್ಕದ ವೆಸ್ಟ್ ಸೆನೆಕ ಊರೂ ಆಗಿದೆ.

ಈಗ ‘ಚೀಫ್’ ಎಂಬ ಪದಕ್ಕೆ ಬನ್ನಿ. ರಾಜ, ದೊರೆ, ಸರದಾರ ಎಂದೆಲ್ಲ ಅನುವಾದಿಸಿದರೆ ತಪ್ಪಾಗುತ್ತದೆ. ಒಕ್ಕೂಟದಲ್ಲಿ ತಾಯಿಯ ಕುಲದಲ್ಲಿ ಇಳಿದು ಬರುವ 50 ಸೇಚಮ್ ಪದವಿಗಳಿದ್ದವು, ಸೆನೆಕರ ಪಾಲಿಗೆ 8. ಯಾರಿಗೆ ಆ ಪಟ್ಟ ಎಂದು ಆರಿಸುವವರು, ತಪ್ಪಿದರೆ ಇಳಿಸುವವರು ಕುಲದ ಹಿರಿಯ ಹೆಂಗಸರು. ರೆಡ್ ಜಾಕೆಟ್ ಆ ಎಂಟರಲ್ಲಿ ಒಬ್ಬನಲ್ಲ. ಯೋಗ್ಯತೆಯಿಂದ ಮೇಲೆ ಬಂದವನು. ಅವನ ಕೆಲಸ ಮಾತಾಡುವುದು. ಹೆಂಗಸರ ಸಭೆ ತನ್ನ ತೀರ್ಮಾನವನ್ನು ಗಂಡಸರ ಸಭೆಗೆ ಮುಟ್ಟಿಸಲು ಒಬ್ಬ ಮಾತುಗಾರನನ್ನು ಇಟ್ಟುಕೊಳ್ಳುತ್ತಿತ್ತು, ಆ ಹೊಣೆಯೂ ಅವನದಾಗಿತ್ತು. 1791ರಲ್ಲಿ ಕರ್ನಲ್ ಪ್ರಾಕ್ಟರ್ ಅಮೆರಿಕ ಸರ್ಕಾರದ ಪರವಾಗಿ ಬಫಲೋ ಹಳ್ಳಕ್ಕೆ ಬಂದಾಗ ರೆಡ್ ಜಾಕೆಟ್ ಎದ್ದು ಹೆಂಗಸರ ಮಾತನ್ನು ಆಡಿದ: ಸೇಚಮರ ಮಾತು ಕೇಳಿದ ಹಾಗೆಯೇ ಹೆಂಗಸರ ಮಾತನ್ನೂ ಕೇಳಬೇಕು, ಯಾಕೆಂದರೆ ಈ ನೆಲದ ಒಡೆಯರು ನಾವು. ಆ ‘ನಾವು’ ಅವನಲ್ಲ. ಅವನ ಬಾಯಲ್ಲಿ ಬರುವ ಪ್ರತಿ ‘ನಾವು’ ಯಾರದು ಎಂದು ಕೇಳಿಕೊಳ್ಳದೆ ಅನುವಾದ ಮಾಡಬಾರದು.

ಸಭೆ ನಡೆಯುವ ಕ್ರಮವೂ ನಿಮಗೆ ಬೇಕಾಗುತ್ತದೆ, ಭಾಷಣದ ಮೊದಲ ಸಾಲುಗಳು ಅದರಿಂದಲೇ ಹುಟ್ಟಿದವು. ದೂರದಿಂದ ಬಂದವರ ಕಣ್ಣೀರು ಒರೆಸುವುದು, ಕಿವಿಯ ಅಡ್ಡಿ ತೆಗೆಯುವುದು, ಗಂಟಲು ಸಡಿಲಿಸುವುದು ಎಂಬ ಮಾತಿನ ವಿಧಿಗಳು ಮೊದಲು. ದುಃಖ ತುಂಬಿದ ಕಿವಿಗೆ ಏನೂ ಕೇಳಿಸದು ಎಂಬುದು ಅದರ ಹಿಂದಿನ ಲೆಕ್ಕ. ಮುಖ್ಯ ಮಾತಿಗೆಲ್ಲ ಒಂದೊಂದು ವಾಂಪಮ್ ಸರ, ಅಂದರೆ ಚಿಪ್ಪಿನಿಂದ ಮಾಡಿದ ಬಿಳಿ, ನೇರಳೆ ಮಣಿಗಳ ಎಳೆ. ಎದುರಿನವರು ಆಡುವಾಗ ನಡುವೆ ಬಾಯಿ ಹಾಕುವಂತಿಲ್ಲ. ಉತ್ತರಿಸುವವನು ಎದುರಿನವರ ಮಾತನ್ನು ತಾನು ಕೇಳಿಸಿಕೊಂಡ ಹಾಗೆ ಮೊದಲು ತಿರುಗಿ ಒಪ್ಪಿಸಿ, ಆಮೇಲೆ ತನ್ನದನ್ನು ಹೇಳುತ್ತಾನೆ. ಕೇಳಿದ ದಿನವೇ ಉತ್ತರಿಸುವುದು ಗಂಭೀರ ವಿಷಯಕ್ಕೆ ತಕ್ಕುದಲ್ಲ. ಸಾಮಾನ್ಯವಾಗಿ ಒಂದು ರಾತ್ರಿಯಾದರೂ ಕಳೆಯುವುದು ವಾಡಿಕೆ. ‘ನಮ್ಮ ಕಣ್ಣು ತೆರೆದಿದೆ, ಕಿವಿಯ ಅಡ್ಡಿ ಹೋಗಿದೆ, ನೀವು ಆಡಿದ್ದು ಸ್ಪಷ್ಟವಾಗಿ ಕೇಳಿಸಿತು’ ಎಂದು 1805ರ ಉತ್ತರ ಶುರುವಾಗುವುದು ಕಾವ್ಯದ ಸೊಗಸಿಗಲ್ಲ, ಶಿಷ್ಟಾಚಾರಕ್ಕೆ. ನಟರು ಇದನ್ನು ಕವಿತೆಯ ಹಾಗೆ ಎಳೆದು ಓದುವುದುಂಟು. ಅದಕ್ಕಿಂತ ಪಂಚಾಯತಿಕಟ್ಟೆಯ ಹಿರಿಯನೊಬ್ಬ ‘ಎಲ್ಲರೂ ಬಂದಿದ್ದೀರಿ, ಸಂತೋಷ’ ಎನ್ನುವ ದನಿ ಹತ್ತಿರ.

ಧರ್ಮದ ಮಾತಿನ ನಡುವೆ ನೆಲದ ಮಾತು ಯಾಕೆ ಬರುತ್ತದೆ ಎಂದು ಕೇಳುಗರಿಗೆ ಅನಿಸಬಹುದು. ಅದಕ್ಕೆ ಹಿನ್ನೆಲೆಯ ಲೆಕ್ಕ ಗೊತ್ತಿರಬೇಕು. 1786ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂಯಾರ್ಕ್ ರಾಜ್ಯಗಳು ಸೆನೆಕರನ್ನು ಕೇಳದೆಯೇ ಒಂದು ಒಪ್ಪಂದ ಮಾಡಿಕೊಂಡವು: ಆಡಳಿತ ನ್ಯೂಯಾರ್ಕಿಗೆ, ಸೆನೆಕರು ಮಾರುವುದಾದರೆ ಮೊದಲು ಕೊಳ್ಳುವ ಹಕ್ಕು ಮ್ಯಾಸಚೂಸೆಟ್ಸಿಗೆ. ಇನ್ನೂ ಮಾರಿರದ ನೆಲವನ್ನು ಮುಂದೆ ಕೊಳ್ಳುವ ಈ ಹಕ್ಕೇ ಸರಕಾಗಿ ಕೈಯಿಂದ ಕೈಗೆ ಮಾರಾಟವಾಯಿತು. ಹಕ್ಕು ಕೊಂಡವನ ದುಡ್ಡು ಅಲ್ಲಿ ಸಿಕ್ಕಿಕೊಂಡಿರುತ್ತದೆ, ಅದು ಹೊರಬರಬೇಕಾದರೆ ಸೆನೆಕರು ಮಾರಲೇಬೇಕು. ಒತ್ತಡ ಎಂದೂ ನಿಲ್ಲದಿದ್ದುದು ಇದಕ್ಕೇ.

1788ರಲ್ಲಿ ಫೆಲ್ಪ್ಸ್ ಮತ್ತು ಗೋರಮ್ ಎಂಬ ವ್ಯಾಪಾರಿಗಳು ಬಫಲೋ ಹಳ್ಳದಲ್ಲಿ ಸುಮಾರು 26 ಲಕ್ಷ ಎಕರೆಯನ್ನು 5,000 ಡಾಲರ್‌ಗೂ ವರ್ಷಕ್ಕೆ 500 ಡಾಲರ್‌ಗೂ ಬರೆಸಿಕೊಂಡರು. ನಾವು ಒಪ್ಪಿದ್ದು 10,000 ಮತ್ತು ವರ್ಷಕ್ಕೆ 1,000 ಎಂದು ಸೆನೆಕ ಮುಖಂಡರು ಆಮೇಲೆ ದೂರಿದರು. ಸಭೆಯಲ್ಲಿ ಬಾಯಲ್ಲಿ ಆಡಿದ್ದೇ ಒಂದು, ಕಾಗದದ ಮೇಲೆ ಇಳಿದದ್ದೇ ಒಂದು. 1805ರಲ್ಲಿ ‘ನಿಮ್ಮ ಪುಸ್ತಕ ನಿಜ ಎಂದು ನಮಗೆ ಹೇಗೆ ಗೊತ್ತಾಗಬೇಕು? ನಮಗೆ ಗೊತ್ತಿರುವುದು ನೀವು ಹೇಳಿದಷ್ಟೇ. ಬಿಳಿಯರು ನಮ್ಮನ್ನು ಇಷ್ಟು ಸಲ ಮೋಸ ಮಾಡಿರುವಾಗ ಯಾವಾಗ ನಂಬುವುದು?’ ಎಂಬ ಪ್ರಶ್ನೆ ಬರುತ್ತದಲ್ಲ, ಅದರ ಹಿಂದೆ ಬೈಬಲ್ ಮಾತ್ರ ಇಲ್ಲ, ಇಂಥ ಕ್ರಯಪತ್ರಗಳೂ ಇವೆ.

1797ರ ಸೆಪ್ಟೆಂಬರಿನಲ್ಲಿ ಬಿಗ್ ಟ್ರೀ ಎಂಬಲ್ಲಿ ನಡೆದ ಸಭೆ ಇನ್ನೂ ದೊಡ್ಡದು. ಹಕ್ಕು ಆಗ ಡಚ್ ಬಂಡವಾಳದ ಹಾಲೆಂಡ್ ಲ್ಯಾಂಡ್ ಕಂಪನಿಗೆ ಹೋಗಬೇಕಿತ್ತು, ಮಾರುವವನು ರಾಬರ್ಟ್ ಮಾರಿಸ್, ಅವನ ಪರ ಮಗ ಥಾಮಸ್. ರೆಡ್ ಜಾಕೆಟ್ ಹಟ ಹಿಡಿದ. ಮಾತು ಕೆಟ್ಟು, ಸಭೆಯ ಬೆಂಕಿಯನ್ನು ಮುಚ್ಚಿದ್ದೇವೆ ಎಂದು ಘೋಷಿಸಿಬಿಟ್ಟ. ಮಾರಿಸ್‌ನ ಕಡೆಯವರು ಹೆಂಗಸರನ್ನೂ ಯೋಧ ಮುಖಂಡರನ್ನೂ ಬೇರೆಯಾಗಿ ಕಂಡು, ಉಡುಗೊರೆ ಕೊಟ್ಟು, ಮಾತುಕತೆ ಮತ್ತೆ ತೆರೆಸಿದರು. ಕೊನೆಗೆ ಮೂವತ್ತು ಲಕ್ಷ ಎಕರೆಗೂ ಹೆಚ್ಚು ನೆಲ ಒಂದು ಲಕ್ಷ ಡಾಲರಿಗೆ ಹೋಯಿತು. ಆ ದುಡ್ಡನ್ನು ಬ್ಯಾಂಕ್ ಷೇರಿನಲ್ಲಿ ತೊಡಗಿಸಿ ಬಡ್ಡಿ ಕೊಡುವ ಏರ್ಪಾಡಾಯಿತು. ಸೆನೆಕರಿಗೆ ಉಳಿದದ್ದು ಚದುರಿದ ತುಂಡುಗಳಲ್ಲಿ ಸುಮಾರು ಎರಡು ಲಕ್ಷ ಎಕರೆ. ವಿರೋಧಿಸಿದ ರೆಡ್ ಜಾಕೆಟ್ ಕೂಡ ಸಹಿ ಹಾಕಿದ, ಮುಖಂಡರಿಗೆ ಗುಟ್ಟಾಗಿ ಕೊಟ್ಟ ನಗದು ಮತ್ತು ವರ್ಷಾಶನದ ಪಟ್ಟಿಯಲ್ಲಿ ಅವನ ಹೆಸರೂ ಇದೆ. ಇದನ್ನು ಮುಚ್ಚಿಡಬೇಡಿ. ಸಭೆ ಒಪ್ಪಿದ ಮೇಲೆ ಮಾತುಗಾರ ಹೊರಗೆ ನಿಲ್ಲುವಂತಿಲ್ಲ ಎಂಬುದು ಒಂದು ಸಮಾಧಾನ. ಗುಟ್ಟಾಗಿ ಪಡೆದ ದುಡ್ಡಿಗೆ ಆ ಸಮಾಧಾನ ಸಾಲದು. ಅವನನ್ನು ಕಳಂಕವಿಲ್ಲದ ವಿಗ್ರಹ ಮಾಡಿದರೆ ಕಥೆ ಸಪ್ಪೆಯಾಗುತ್ತದೆ, ಸುಳ್ಳೂ ಆಗುತ್ತದೆ.

ಇನ್ನು 1805ರ ದಿನ. ಮ್ಯಾಸಚೂಸೆಟ್ಸಿನ ಒಂದು ಮಿಷನರಿ ಸಂಘ ಕಳಿಸಿದ ಜೇಕಬ್ ಕ್ರಾಮ್ ಎಂಬ ಪಾದ್ರಿ ಬಫಲೋ ಹಳ್ಳಕ್ಕೆ ಬಂದ. ನಿಮ್ಮ ನೆಲಕ್ಕಾಗಲಿ ದುಡ್ಡಿಗಾಗಲಿ ಬಂದವನಲ್ಲ, ದೇವರನ್ನು ಆರಾಧಿಸುವ ದಾರಿ ಒಂದೇ, ಅದನ್ನು ಹಿಡಿಯದಿದ್ದರೆ ನಿಮಗೆ ಸುಖವಿಲ್ಲ, ಇಷ್ಟು ದಿನ ನೀವು ಕತ್ತಲಲ್ಲಿ ಇದ್ದಿರಿ ಎಂದು ಹೇಳಿ, ಹೊರಡುವ ಮುಂಚೆ ಉತ್ತರ ಬೇಕೆಂದ. ಮುಖಂಡರು ಸುಮಾರು ಎರಡು ಗಂಟೆ ತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ರೆಡ್ ಜಾಕೆಟ್ ಎದ್ದ. ‘ನಾವೆಲ್ಲ ಒಬ್ಬನೇ ಮನುಷ್ಯನ ಹಾಗೆ ಮಾತಾಡುತ್ತಿದ್ದೇವೆ, ನಮ್ಮ ಮನಸ್ಸು ಒಂದಾಗಿದೆ’ ಎಂಬ ಸಾಲು ಭಾಷಣದಲ್ಲೇ ಇದೆ. ಸಮಯ ಕಡಿಮೆಯಾದರೆ ಅನುವಾದಕರು ಮೊದಲು ಕತ್ತರಿಸುವುದು ಇದನ್ನೇ. ಹಾಗೆ ಮಾಡಿದರೆ ಇಡೀ ಭಾಷಣದ ಬೆನ್ನೆಲುಬೇ ಹೋಗುತ್ತದೆ.

ಇದು ಅವನದೇ ಎಂದು ನಂಬಲು ಕಾರಣಗಳೇನು? ಅವನು ಇಂಗ್ಲಿಷ್ ಅರ್ಥ ಮಾಡಿಕೊಳ್ಳುತ್ತಿದ್ದ, ಆದರೂ ಸಭೆಯಲ್ಲಿ ಸೆನೆಕ ಬಿಟ್ಟು ಬೇರೆ ಭಾಷೆ ಆಡುತ್ತಿರಲಿಲ್ಲ. ಆ ಕಾಲದ ಸಭೆಗಳಲ್ಲಿ ದುಭಾಷಿಗಳಾಗಿದ್ದ ಜ್ಯಾಸ್ಪರ್ ಪ್ಯಾರಿಷ್, ಹೊರೇಷಿಯೊ ಜೋನ್ಸ್ ಯುದ್ಧಕಾಲದಲ್ಲಿ ಸೆರೆಸಿಕ್ಕು ವರ್ಷಗಟ್ಟಲೆ ಇರೊಕ್ವಾ ಮನೆಗಳಲ್ಲಿ ಇದ್ದವರು. ಹರುಕುಮುರುಕು ವ್ಯಾಪಾರಿ ಭಾಷೆಯವರಲ್ಲ. ಜೊತೆಗೆ ಇದೇ ತರ್ಕ, ಇದೇ ಜೋಡಣೆ ಅವನ ಬೇರೆ ಭಾಷಣಗಳಲ್ಲೂ ಬೇರೆ ಬೇರೆ ಬರಹಗಾರರ ಕೈಯಲ್ಲಿ ಸಿಗುತ್ತದೆ. 1811ರಲ್ಲಿ ಇನ್ನೊಬ್ಬ ಪಾದ್ರಿ ಅಲೆಕ್ಸಾಂಡರ್‌ಗೂ ನೆಲ ಕೊಳ್ಳಲು ಬಂದ ರಿಚರ್ಡ್‌ಸನ್‌ಗೂ ಅವನು ಕೊಟ್ಟ ಉತ್ತರಗಳನ್ನು ಪಕ್ಕದಲ್ಲಿಟ್ಟು ಓದಿ, ಸಂಶಯ ಬಹುಮಟ್ಟಿಗೆ ತೀರುತ್ತದೆ. ತರ್ಕವನ್ನೂ ಕ್ರಮವನ್ನೂ ಅವನದೆಂದೇ ಹಿಡಿಯಿರಿ. ಪದದ ಹೊಳಪು, ವಾಕ್ಯದ ಏರಿಳಿತ ದುಭಾಷಿಯದು, ಅಚ್ಚಿನವರದು. ಹಾಗಾಗಿ ಇಂಗ್ಲಿಷಿನ ಒಂದು ಅಲಂಕಾರಕ್ಕೆ ಕನ್ನಡದಲ್ಲಿ ಸಮನಾದದ್ದು ಸಿಗಲಿಲ್ಲ ಎಂದು ಕೊರಗಬೇಡಿ. ವಾದದ ಒಂದು ಹೆಜ್ಜೆ ತಪ್ಪಿದರೆ ಕೊರಗಿ.

ಅನುವಾದದಲ್ಲಿ ಎಲ್ಲಿ ಜಾರುತ್ತದೆ ಎಂದು ನೋಡೋಣ.

‘ಬ್ರದರ್’ ಎಂಬುದು ವೇದಿಕೆಯ ‘ಸಹೋದರ ಸಹೋದರಿಯರೇ’ ಅಲ್ಲ. ಎರಡು ಪಕ್ಷಗಳ ಸಂಬಂಧವನ್ನು ಅಳೆದು ಹೇಳುವ ರಾಜತಾಂತ್ರಿಕ ಪದ. ಬೇರೆ ಕೆಲವು ಜನಾಂಗಗಳು ಫ್ರೆಂಚ್ ಗವರ್ನರನನ್ನು ‘ತಂದೆ’ ಎನ್ನುತ್ತಿದ್ದವು. ತಂದೆ ಎಂದರೆ ಅವನು ಕೊಡಬೇಕು, ಕಾಪಾಡಬೇಕು, ಮೇಲೂ ಇರಬಹುದು. ನಾವು ತಂದೆಮಕ್ಕಳಲ್ಲ, ಒಡಹುಟ್ಟಿದವರು ಎಂಬುದು ಹೊಡಿನೊಶೋನಿಗಳು ಹಿಡಿದುಕೊಂಡು ಬಂದ ನಿಲುವು. ಅಂದರೆ ಪ್ರತಿ ಸಲ ‘ಬ್ರದರ್’ ಎಂದಾಗಲೂ ‘ನೀನು ನನ್ನ ಮೇಲಿನವನಲ್ಲ’ ಎಂದು ನಯವಾಗಿ ನೆನಪಿಸಿದ ಹಾಗೆ. ಜೊತೆಗೆ ಅದು ಒಂದು ವಿಷಯ ಮುಗಿದು ಇನ್ನೊಂದಕ್ಕೆ ತಿರುಗುವ ಗುರುತು.

ತಮಾಷೆ ಎಂದರೆ, ಇಂಗ್ಲಿಷು ನುಂಗಿದ ಒಂದು ಭೇದ ಕನ್ನಡಕ್ಕೂ ಸೆನೆಕಕ್ಕೂ ಸಾಮಾನ್ಯ. ಸೆನೆಕದಲ್ಲೂ ಅಣ್ಣನಿಗೆ ಒಂದು ಪದ, ತಮ್ಮನಿಗೆ ಇನ್ನೊಂದು. ಒಕ್ಕೂಟದ ಒಳಗೂ ಮೊಹಾಕ್, ಒನೊಂಡಾಗ, ಸೆನೆಕರು ಅಣ್ಣಂದಿರು. ಒನೈಡ, ಕಯೂಗ, ಟಸ್ಕರೋರದವರು ತಮ್ಮಂದಿರು. ನೀವು ‘ಅಣ್ಣಾ’ ಎಂದರೆ ಕಿವಿಗೆ ಹಿತ, ವಚನದ ಲಯವೂ ಬರುತ್ತದೆ, ಆದರೆ ಪಾದ್ರಿ ಮೇಲೇರುತ್ತಾನೆ. ‘ತಮ್ಮಾ’ ಎಂದರೆ ಹಿರಿಯನೊಬ್ಬ ಹುಡುಗನಿಗೆ ಬುದ್ಧಿ ಹೇಳಿದ ಹಾಗೆ; ನಗು ಬರುತ್ತದೆ, ಸಮಾನತೆ ಹೋಗುತ್ತದೆ. ನಾನಾದರೆ ‘ಸೋದರ’ ಎಂದಷ್ಟೇ ಇಡುತ್ತೇನೆ. ‘ನೇ’ ಬೇಡ, ‘ರೇ’ ಬೇಡ, ರಾಗ ಬೇಡ. ಪ್ರತಿ ಸಲವೂ ಇರಲಿ, ಬೇಸರವಾಗುತ್ತದೆಂದು ತೆಗೆಯಬೇಡಿ. ಓದುವವರು ಅಲ್ಲಿ ಒಂದು ಉಸಿರು ನಿಲ್ಲಲಿ: ದುಭಾಷಿಗೆ ಬಿಟ್ಟ ಜಾಗ ಅದು.

‘ನಾವು’ ಇನ್ನೂ ಸೂಕ್ಷ್ಮ. ಸೆನೆಕದಲ್ಲಿ ಕೇಳುವವನನ್ನು ಸೇರಿಸಿಕೊಂಡ ‘ನಾವು’ ಬೇರೆ, ಹೊರಗಿಟ್ಟ ‘ನಾವು’ ಬೇರೆ. ತುಳುವಿನ ‘ನಮ’ ಮತ್ತು ‘ಎಂಕುಲು’, ತೆಲುಗಿನ ‘ಮನಮು’ ಮತ್ತು ‘ಮೇಮು’ ಇದ್ದ ಹಾಗೆ. ಇಂದಿನ ಕನ್ನಡದಲ್ಲಿ ಆ ಸೌಲಭ್ಯ ಇಲ್ಲ. ನಿಮ್ಮ ತಂಡದಲ್ಲಿ ತುಳು ಬಲ್ಲವರಿದ್ದರೆ ಕರಡನ್ನು ಒಮ್ಮೆ ಬಾಯಲ್ಲೇ ತುಳುವಿಗೆ ಮಾಡಿಸಿ ನೋಡಿ. ಎಲ್ಲೆಲ್ಲಿ ಯಾವ ‘ನಾವು’ ಎಂದು ತಡವರಿಸುತ್ತಾರೋ ಅಲ್ಲೆಲ್ಲ ಕನ್ನಡವನ್ನು ಬಿಡಿಸಿ ಹೇಳಬೇಕು. ‘ಸೃಷ್ಟಿಕರ್ತ ನಮ್ಮೆಲ್ಲರನ್ನೂ ಮಾಡಿದ’ ಎಂಬಲ್ಲಿ ‘ನಮ್ಮನ್ನೂ ನಿಮ್ಮನ್ನೂ’ ಎನ್ನಿ. ‘ನಮ್ಮ ಧರ್ಮ ನಮಗಿರಲಿ’ ಎಂಬಲ್ಲಿ ಹೊರಗಿಡುವ ‘ನಾವು’. ಇಡೀ ವಾದವೇ ಈ ಎರಡರ ನಡುವಿನ ಓಡಾಟ.

‘ಗ್ರೇಟ್ ಸ್ಪಿರಿಟ್’ ಎಂಬುದನ್ನು ‘ಮಹಾನ್ ಆತ್ಮ’ ಎಂದು ಮಾಡಿದ ಅನುವಾದ ಕೇಳಿದರೆ ಗಾಂಧಿ ನೆನಪಾಗುತ್ತಾರೆ. ‘ಪರಮಾತ್ಮ’ ಎಂದರೆ ವೇದಾಂತ ಒಳಗೆ ಬಂತು. ಸೃಷ್ಟಿಕರ್ತ ಎನ್ನುವುದು ಮೇಲು, ಇಂದಿನ ಹೊಡಿನೊಶೋನಿಗಳೂ ಇಂಗ್ಲಿಷಿನಲ್ಲಿ ಆ ಅರ್ಥದ ಪದವನ್ನೇ ಬಳಸುತ್ತಾರೆ. ‘ಕೌನ್ಸಿಲ್ ಫೈರ್’ಗೆ ಅಗ್ನಿ ಎಂದರೆ ಹೋಮದ ವಾಸನೆ, ‘ಸಭೆಯ ಬೆಂಕಿ’ ಸಾಕು, ‘ಈ ಬೆಂಕಿ ಹೊತ್ತಿಸಿದವರು ನೀವು’ ಎಂದರೆ ಸಭೆ ಕರೆದವರು ನೀವು ಎಂದರ್ಥ. ಇಂಗ್ಲಿಷಿನ ‘ಸೀಟ್’ ಎಂಬುದು ಪೀಠವಲ್ಲ, ನೆಲೆ. ‘ದ್ವೀಪ’ವನ್ನು ಖಂಡ ಎಂದು ತಿದ್ದಬೇಡಿ, ಆಮೆಯ ಬೆನ್ನ ಮೇಲೆ ನಿಂತ ದ್ವೀಪ ಅವರ ಭೂಮಿ. ನಾವು ಜೋಳ ಮಾಂಸ ಕೊಟ್ಟೆವು, ಅವರು ವಿಷ ಕೊಟ್ಟರು ಎಂಬಲ್ಲಿ ವಿಷ ಎಂದರೆ ರಮ್, ಹೆಂಡ. ಕೇಳುಗರಿಗೆ ಅದು ತಿಳಿಯುವಂತೆ ಮಾಡಿ. ‘ಮತ’ ಎಂದರೆ ಸಭಾಂಗಣದಲ್ಲಿ ಓಟು ಎಂದು ಕೇಳಿಸುವ ಅಪಾಯವಿದೆ, ಧರ್ಮವೇ ಇರಲಿ.

ಕಂಬಳಿ ಮಾತ್ರ ನಮಗೆ ಪುಕ್ಕಟೆ ಸಿಕ್ಕ ವರ. ‘ಸೋದರ. ಒಂದು ಕಾಲಕ್ಕೆ ನಮ್ಮ ನೆಲೆ ದೊಡ್ಡದು, ನಿಮ್ಮದು ತೀರ ಚಿಕ್ಕದು. ಈಗ ನೀವು ದೊಡ್ಡ ಜನ ಆದಿರಿ. ನಮಗೆ ಕಂಬಳಿ ಹಾಸಲೂ ಜಾಗ ಉಳಿದಿಲ್ಲ. ನಮ್ಮ ನಾಡು ತಗೊಂಡಿರಿ, ಸಾಲಲಿಲ್ಲ. ನಿಮ್ಮ ಧರ್ಮವನ್ನೂ ನಮ್ಮ ಮೇಲೆ ಹೇರಬೇಕು ಅಂತಿದ್ದೀರಿ.’ ಇಲ್ಲಿ ‘ನೀವು’ ಕ್ರಾಮ್ ಒಬ್ಬನೂ ಹೌದು, ಬಿಳಿಯರೆಲ್ಲರೂ ಹೌದು. ಗೌರವದ ಬಹುವಚನ ಇರುವ ಕನ್ನಡಕ್ಕೆ ಇದು ಸಲೀಸು.

ಆಮೇಲೆ ಏನಾದ ಎಂದು ಕೇಳಿದ್ದೀರಿ. 1812ರ ಯುದ್ಧದಲ್ಲಿ ಸೆನೆಕರು ಅಮೆರಿಕದ ಕಡೆಗಿದ್ದರು, ಕೆನಡಾದ ಮೊಹಾಕರು ಬ್ರಿಟಿಷರ ಕಡೆಗೆ. 1814ರ ಜುಲೈ 5ರಂದು ಚಿಪ್ಪವಾದಲ್ಲಿ ಇರೊಕ್ವಾಗಳೇ ಇರೊಕ್ವಾಗಳನ್ನು ಕೊಂದರು. ಅದಾದ ಮೇಲೆ ಎರಡೂ ಕಡೆಯವರು ಮಾತಾಡಿಕೊಂಡು ಹಿಂದೆ ಸರಿದರು.

1821ರ ಮೊಕದ್ದಮೆ ಪರಿಚಯದಲ್ಲಿ ಇರಲೇಬೇಕು ಎನ್ನುತ್ತೇನೆ. ಮಾಟಗಾತಿ ಎಂದು ಸೆನೆಕ ಸಭೆ ತೀರ್ಮಾನಿಸಿದ ಹೆಂಗಸೊಬ್ಬಳನ್ನು ಟಾಮಿ ಜೆಮ್ಮಿ ಎಂಬ ಮುಖಂಡ ಕೊಂದ. ನ್ಯೂಯಾರ್ಕ್ ಅವನ ಮೇಲೆ ಕೊಲೆ ಆರೋಪ ಹೊರಿಸಿತು. ಬಫಲೋದ ನ್ಯಾಯಾಲಯದಲ್ಲಿ ಮಾಟದ ನಂಬಿಕೆಯನ್ನು ಕಂಡು ನಕ್ಕವರಿಗೆ ರೆಡ್ ಜಾಕೆಟ್ ಹೇಳಿದ್ದರ ತಿರುಳು: ಹಿಂದೆ ಮಾಟದ ಆರೋಪದ ವಿಚಾರಣೆಗಳು ನಡೆದ ಸೇಲಂಗೆ ಹೋಗಿ ನೋಡಿ, ನಿಮ್ಮ ಪಾದ್ರಿಗಳೇ ಇದನ್ನು ಬೋಧಿಸಿದರು, ನಿಮ್ಮ ನ್ಯಾಯಾಧೀಶರೇ ಗಲ್ಲಿಗೆ ಹಾಕಿದರು. ವಾದದಲ್ಲಿ ಗೆದ್ದ. ಆದರೆ 1822ರಲ್ಲಿ ರಾಜ್ಯದ ಶಾಸನಸಭೆ ಟಾಮಿ ಜೆಮ್ಮಿಗೆ ಕ್ಷಮೆ ಕೊಡುವ ಕಾಯ್ದೆಯಲ್ಲೇ, ಇನ್ನು ಮೇಲೆ ಮೀಸಲು ನೆಲದ ಅಪರಾಧಗಳ ವಿಚಾರಣೆ ತನ್ನದೇ ಎಂದು ಬರೆದುಕೊಂಡಿತು. ಕೊಲೆಯಾದ ಹೆಂಗಸಿನ ಪರ ಆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ ಎಂಬುದನ್ನೂ ಮರೆಯಬೇಡಿ.

ಕೊಳ್ಳುವ ಹಕ್ಕು 1810ರಲ್ಲಿ ಆಗ್ಡೆನ್ ಕಂಪನಿಗೆ ಹೋಗಿತ್ತು. 1826ರಲ್ಲಿ ಕಂಪನಿ ಇನ್ನೂ ಸುಮಾರು 87,000 ಎಕರೆಯನ್ನು 48,000 ಡಾಲರ್ ಚಿಲ್ಲರೆಗೆ ಬರೆಸಿಕೊಂಡಿತು. ರೆಡ್ ಜಾಕೆಟ್ ವಾಷಿಂಗ್ಟನ್‌ವರೆಗೂ ಹೋಗಿ ದೂರಿದ, ವಿಚಾರಣೆ ನಡೆಯಿತು, ಸೆನೆಟ್ ಆ ಮಾರಾಟಕ್ಕೆ ಒಪ್ಪಿಗೆ ಕೊಡಲಿಲ್ಲ. ನೆಲವಂತೂ ಹೋಗಿಯೇ ಹೋಯಿತು. ಅಷ್ಟರಲ್ಲಿ ಸೆನೆಕರಲ್ಲೇ ಕ್ರೈಸ್ತ ಪಕ್ಷ ಬಲವಾಗಿತ್ತು. ಅವನ ಹೆಂಡತಿಯೇ ಚರ್ಚು ಸೇರಿದಳು. ಮುನಿಸಿಕೊಂಡು ಮನೆ ಬಿಟ್ಟವನು ಮತ್ತೆ ಬಂದ. 1827ರಲ್ಲಿ ಕ್ರೈಸ್ತ ಪಕ್ಷದ 26 ಮುಖಂಡರು ಅವನನ್ನು ಪದವಿಯಿಂದ ಇಳಿಸಿದರು. ಮುಂದೆ ಸಭೆ ಕೂಡಿದಾಗ ಅವನು ಮಾತಾಡಿಯೇ ಅದನ್ನು ವಾಪಸು ಪಡೆದ. ಕುಡಿತದ ಕಥೆಗಳನ್ನು ಅವನ ಕಾಲದ ಬಿಳಿಯರು ಬೇಕಾದಷ್ಟು ಬರೆದಿದ್ದಾರೆ. ಕುಡಿಯುತ್ತಿದ್ದದ್ದು ನಿಜ, ಆರು ನಿಮಿಷದಲ್ಲಿ ಅದಕ್ಕೆ ಜಾಗ ಬೇಕಿಲ್ಲ.

1830ರ ಜನವರಿ 20ರಂದು ಬಫಲೋ ಹಳ್ಳದಲ್ಲೇ ಸತ್ತ. ತನ್ನವರ ವಿಧಿಯಂತೆ ಹೂಳಿ, ಬಿಳಿಯರ ನಡುವೆ ಬೇಡ ಎಂದು ಕೇಳಿಕೊಂಡಿದ್ದ. ಹೂಳಿದ್ದು ಕ್ರೈಸ್ತ ವಿಧಿಯಲ್ಲಿ, ಮಿಷನ್ ಸ್ಮಶಾನದಲ್ಲಿ. 1852ರಲ್ಲಿ ಮೂಳೆಗಳನ್ನು ಅಗೆದು ತೆಗೆದರು. ಸುದ್ದಿ ತಿಳಿದ ಸಂಬಂಧಿಕರು ವಶಕ್ಕೆ ಪಡೆದು ಸೆನೆಕರ ಕ್ಯಾಟರಾಗಸ್ ಮೀಸಲು ನೆಲಕ್ಕೆ ಒಯ್ದರು. 1884ರ ಅಕ್ಟೋಬರ್ 9ರಂದು ಬಫಲೋದ ಚರಿತ್ರೆ ಸಂಘ ದೊಡ್ಡ ಸಮಾರಂಭ ಮಾಡಿ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ, ಅಂದರೆ ಬಿಳಿಯರ ನಡುವೆಯೇ, ಮತ್ತೆ ಹೂಳಿತು. ಮೇಲೆ ಕಂಚಿನ ಪ್ರತಿಮೆ ಬಂದದ್ದು 1890ರ ದಶಕದ ಆರಂಭದಲ್ಲಿ. ನಯಾಗರ ನೋಡಲು ಹೋಗುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ.

ಚಿತ್ರಗಳಲ್ಲಿ ಅವನ ಎದೆಯ ಮೇಲೆ ಕಾಣುವ ದೊಡ್ಡ ಬೆಳ್ಳಿ ಪದಕ 1792ರಲ್ಲಿ ಫಿಲಡೆಲ್ಫಿಯಾದಲ್ಲಿ ಜಾರ್ಜ್ ವಾಷಿಂಗ್ಟನ್ ಕೊಟ್ಟದ್ದು. ಮೊಟ್ಟೆಯಾಕಾರ, ಸುಮಾರು 7 ಅಂಗುಲ ಉದ್ದ, 5 ಅಂಗುಲ ಅಗಲ. ಮೇಲೆ ವಾಷಿಂಗ್ಟನ್ ಮತ್ತು ಶಾಂತಿಯ ಚಿಲುಮೆ ಹಿಡಿದ ಮುಖಂಡ, ಅವರ ಹಿನ್ನೆಲೆಯಲ್ಲಿ ನೇಗಿಲು ಹೊಡೆಯುವವನು. ಆಮೇಲೆ ಅದು ಟೊನವಾಂಡ ಸೆನೆಕರ ಈಲೈ ಪಾರ್ಕರ್‌ಗೆ ಬಂತು. ಅಮೆರಿಕದ ಅಂತರ್ಯುದ್ಧದ ಕೊನೆಗೆ, 1865ರಲ್ಲಿ, ಅಪೊಮ್ಯಾಟಕ್ಸ್‌ನಲ್ಲಿ ದಕ್ಷಿಣದ ಸೇನೆಯ ಶರಣಾಗತಿಯ ಷರತ್ತುಗಳನ್ನು ಶುದ್ಧಪ್ರತಿ ಮಾಡಿದವನು ಈತನೇ. ಅವನ ಮರಣಾನಂತರ ಹೆಂಡತಿ ಮಾರಿದಳು, ಪದಕ ಬಫಲೋದ ಮ್ಯೂಸಿಯಂ ಸೇರಿತು. 2021ರ ಮೇ ತಿಂಗಳಲ್ಲಿ ಮ್ಯೂಸಿಯಂ ಅದನ್ನು ಸೆನೆಕ ನೇಷನ್‌ಗೆ ಹಿಂದಿರುಗಿಸಿತು; ಈಗ ಸೆನೆಕರ ನೆಲದ ಸಲಮಾಂಕ ಊರಿನಲ್ಲಿದೆ. ರೆಡ್ ಜಾಕೆಟ್ ಮಾತಾಡಿದ ಇನ್ನೊಂದು ಸಭೆಯ ಫಲವಾದ 1794ರ ಕೆನಂಡೈಗ್ವಾ ಒಪ್ಪಂದದಂತೆ ಅಮೆರಿಕ ಸರ್ಕಾರ ವರ್ಷಕ್ಕೆ 4,500 ಡಾಲರ್ ಕೊಡಬೇಕು, ಅದರಲ್ಲಿ ಬಟ್ಟೆ ಇವತ್ತಿಗೂ ಬರುತ್ತದೆ. ಸೆನೆಕ ನೆಲಕ್ಕೆ ಅಡ್ಡಿ ಮಾಡೆವೆಂಬ ಅದೇ ಒಪ್ಪಂದದ ಮಾತನ್ನು ಮುರಿದು 1960ರ ದಶಕದಲ್ಲಿ ಕಿಂಜುವ ಅಣೆಕಟ್ಟು ಸುಮಾರು 10,000 ಎಕರೆ ಮುಳುಗಿಸಿತು.

ಪರಿಚಯಕ್ಕೆ ಇಷ್ಟು ಸಾಕು: ‘ಸಗೊಯೆವಾಥ, ಸೆನೆಕ ಜನರ ಮಾತುಗಾರ. ಬ್ರಿಟಿಷರು ಕೊಟ್ಟ ಕೋಟಿನಿಂದ ರೆಡ್ ಜಾಕೆಟ್ ಎಂಬ ಹೆಸರು. 1805ರಲ್ಲಿ, ಮುಕ್ಕಾಲುಪಾಲಿಗಿಂತ ಹೆಚ್ಚು ನೆಲ ಕೈಬಿಟ್ಟು ಹೋಗಿದ್ದಾಗ, ಬಫಲೋ ಹಳ್ಳದ ಸಭೆ ಒಬ್ಬ ಪಾದ್ರಿಗೆ ಅವನ ಬಾಯಿಂದ ಕೊಟ್ಟ ಉತ್ತರ ಇದು. ಸೆನೆಕದಲ್ಲಿ ಆಡಿದ್ದು, ಇಂಗ್ಲಿಷಿನಲ್ಲಿ ಉಳಿದದ್ದು.’

ಪೂರ್ತಿ ಭಾಷಣ ಆರು ನಿಮಿಷಕ್ಕೆ ಹಿಡಿಸದು. ಬಿಳಿಯರು ಬಂದು ನೆಲೆಯೂರಿದ ಇತಿಹಾಸದ ಭಾಗವನ್ನು ಅರ್ಧಕ್ಕೆ ಇಳಿಸಿ. ಕಂಬಳಿಯ ಕಂಡಿಕೆ, ‘ಧರ್ಮ ಒಂದೇ ಆದರೆ, ನೀವೆಲ್ಲ ಆ ಪುಸ್ತಕ ಓದಬಲ್ಲವರಾದರೂ ನಿಮ್ಮಲ್ಲೇ ಯಾಕೆ ಇಷ್ಟು ಭೇದ?’ ಎಂಬ ಪ್ರಶ್ನೆ, ಹಾಗೂ ನೆರೆಯ ಬಿಳಿಯರ ಕಂಡಿಕೆ ಮುಟ್ಟಬೇಡಿ. ‘ನೀವು ಇಲ್ಲಿಯ ಬಿಳಿಯರಿಗೆ ಉಪದೇಶ ಮಾಡುತ್ತಿದ್ದೀರಂತೆ. ಅವರು ನಮ್ಮ ನೆರೆಯವರು, ನಮಗೆ ಪರಿಚಯವಿದೆ. ಸ್ವಲ್ಪ ಕಾಲ ಕಾದು ನೋಡುತ್ತೇವೆ. ಅವರು ಪ್ರಾಮಾಣಿಕರಾಗಿ, ನಮ್ಮವರಿಗೆ ಮೋಸ ಮಾಡುವುದು ಕಡಿಮೆಯಾದರೆ, ನಿಮ್ಮ ಮಾತನ್ನು ಮತ್ತೆ ಯೋಚಿಸುತ್ತೇವೆ.’ ಇದನ್ನು ವ್ಯಂಗ್ಯದ ದನಿಯಲ್ಲಿ ಓದಿದರೆ ಕೆಡುತ್ತದೆ. ಲೆಕ್ಕ ಒಪ್ಪಿಸುವ ದನಿ ಬೇಕು. ನಗು ಸಭಾಂಗಣದಿಂದ ತಾನೇ ಬರಲಿ.

ಸಾಧ್ಯವಾದರೆ ಓದುವವರ ಹಿಂದೆ ನಾಲ್ಕೈದು ಜನ ಸುಮ್ಮನೆ ಕೂತಿರಲಿ, ಎದುರಿಗೆ ಒಂದು ಕುರ್ಚಿ, ಅದರಲ್ಲಿ ಒಬ್ಬ. ಅಚ್ಚಾದ ಪಠ್ಯದಲ್ಲಿ ಮಾತು ಮುಗಿದ ಮೇಲೂ ಒಂದು ಸಣ್ಣ ಭಾಗ ಇದೆ, ಬಹಳಷ್ಟು ಸಂಕಲನಗಳು ಅದನ್ನು ಬಿಟ್ಟುಬಿಡುತ್ತವೆ. ‘ಬೇರೆಯಾಗುವ ಹೊತ್ತು. ಬಂದು ನಿಮ್ಮ ಕೈ ಹಿಡಿಯುತ್ತೇವೆ. ಸೃಷ್ಟಿಕರ್ತ ನಿಮ್ಮನ್ನು ದಾರಿಯಲ್ಲಿ ಕಾಪಾಡಿ ನಿಮ್ಮವರ ಹತ್ತಿರ ಸುಖವಾಗಿ ಮುಟ್ಟಿಸಲಿ’ ಎಂದು ರೆಡ್ ಜಾಕೆಟ್ ಮುಗಿಸುತ್ತಾನೆ. ಹಿಂದೆ ಕೂತವರು ಎದ್ದು, ಅವನ ಜೊತೆ ಕೈ ಚಾಚಿಕೊಂಡು ಕುರ್ಚಿಯ ಕಡೆ ನಡೆಯಲಿ. ಪಾದ್ರಿ ತಟ್ಟನೆ ಎದ್ದು ನಿಲ್ಲುತ್ತಾನೆ: ದೇವರ ಧರ್ಮಕ್ಕೂ ಸೈತಾನನ ಕೆಲಸಕ್ಕೂ ಸ್ನೇಹವಿಲ್ಲ, ಕೈ ಕೊಡಲಾರೆ. ದುಭಾಷಿ ಅದನ್ನು ಸೆನೆಕಕ್ಕೆ ಮಾಡಿ ಹೇಳುತ್ತಾನೆ. ಇಲ್ಲಿ ಎರಡು ಕ್ಷಣ ಮೌನ ಬೇಕು. ಅವರು ಮುಗುಳ್ನಕ್ಕು, ಶಾಂತವಾಗಿ ಹೊರಟುಹೋಗುತ್ತಾರೆ. ದೀಪ ಆರಿಸುವುದು ಅವರು ಹೋದ ಮೇಲೆ, ಪಾದ್ರಿ ಇನ್ನೂ ನಿಂತಿರುವಾಗ.